ಮಾನಿಟರ್ ಮ್ಯಾಗಿನ ಕಣ್ಣು: ಅಪ್ಪನ ಕೈ ಕಾಣದ ವಿಡಿಯೊ ಕಾಲ್ ಮತ್ತು ವೆಬ್‌ಕ್ಯಾಮ್ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ನಾನು ಮಾತಾಡ್ತಿರೋದು ಗಬ್ಬೂರಿನಿಂದ. ರಾಯಚೂರಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ವೆಂಕಟೇಶ್ವರ, ಬಂಗಾರ ಬಸಪ್ಪ, ಹನುಮಪ್ಪ ಅಂತ ಹಳೆಯ ಗುಡಿಗಳಿವೆ, ಶಾಸನಗಳಿವೆ. ಹಾಗಾಗಿ ಗಬ್ಬೂರಿನವನು ಇತಿಹಾಸ ಹೇಳ್ತೀನಿ ಅಂದ್ರೆ ಗುಡಿ ಕಥೆ ಅಂತಲೇ ನೀವು ಅಂದುಕೊಳ್ಳೋದು. ಅದನ್ನು ಇನ್ನೊಂದು ದಿನ ಹೇಳೋಣ. ಇವತ್ತಿನದು ನನ್ನ ಮೇಜಿನ ಮೇಲಿರುವ ಮಾನಿಟರ್‌ನ ನೆತ್ತಿಯಲ್ಲಿ ಇರುವ, ಕಡ್ಲಿಬ್ಯಾಳಿಗಿಂತ ಸಣ್ಣ ತೂತಿನ ಇತಿಹಾಸ. ಅಂದ್ರೆ ವೆಬ್‌ಕ್ಯಾಮ್.

ಯಾಕೆ ಇದು ಅಂತ ಮೊದಲು ಹೇಳಿಬಿಡ್ತೀನಿ.

ಮುಖ ಬ್ಯಾಡ್ರಿ, ಕೈ ತೋರಸ್ರಿ

ನಾನು ಬೆಂಗಳೂರಿನ ಒಂದು ಕಂಪನಿಗೆ ಊರಿಂದಲೇ ಕೆಲಸ ಮಾಡ್ತೀನಿ. ಅಪ್ಪಗ ಪಾರ್ಶ್ವವಾಯು ಹೊಡೆದು ಬಲಗೈ ಸೋತ ಮೇಲೆ ವಾಪಸ್ ಬಂದೆ. ದಿನಾ ಹತ್ತು ತಾಸು ಕಣ್ಣು ಪರದೆ ಮೇಲೇ ಇರ್ತದ, ಒಂದು ಒಳ್ಳೇದು ಇರಲಿ ಅಂತ ಕಂತಿನಲ್ಲಿ ದುಬಾರಿ ಮಾನಿಟರ್ ತಗೊಂಡೆ. ಎರಡು ತಿಂಗಳ ಸಂಬಳದಷ್ಟು ರೊಕ್ಕ. ಕ್ಯಾಮೆರಾ, ಮೈಕು, ಸ್ಪೀಕರ್ ಎಲ್ಲ ಒಳಗೇ ಅದಾವ, ಒಂದು ವೈರ್ ಸಾಕು ಅಂತ ಜಾಹೀರಾತು. ಪರದೆ ಬಗ್ಗೆ ನಂದೇನೂ ತಕರಾರಿಲ್ಲ. ಅಕ್ಷರ ಅಚ್ಚು ಹಾಕಿದ ಹಾಗೆ ಕಾಣ್ತಾವ.

ತಕರಾರು ಶುರುವಾಗಿದ್ದು ಅಪ್ಪನ ಫಿಸಿಯೊಥೆರಪಿಯಿಂದ. ರಾಯಚೂರಿಗೆ ವಾರಕ್ಕೆ ಎರಡು ಸಲ ಅವರನ್ನ ಎತ್ತಿ ಇಳಿಸಿ ಕರ್ಕೊಂಡು ಹೋಗೋದು ಆಗ್ತಿರಲಿಲ್ಲ. ಅದಕ್ಕೆ ಥೆರಪಿ ಮೇಡಂ, "ಒಂದು ಸಲ ಬರ್ರಿ, ಇನ್ನೊಂದು ಸಲ ವಿಡಿಯೊ ಕಾಲ್‌ನಾಗ ನೋಡ್ತೀನಿ" ಅಂದ್ರು. ದೊಡ್ಡ ಪರದೆ ಮುಂದೆ ಅಪ್ಪನ್ನ ಕುರ್ಚಿ ಮೇಲೆ ಕೂಡಿಸಿದೆ.

"ಅಪ್ಪಾರ, ಹೆಬ್ಬಟ್ಟು ಕಿರುಬೆರಳಿಗೆ ಮುಟ್ಟಸ್ರಿ" ಅಂದ್ರು ಮೇಡಂ. ಅಪ್ಪ ಕೈ ಮುಂದೆ ಮಾಡಿದ್ರು. ಕ್ಯಾಮೆರಾ ಏನು ಮಾಡ್ತು? ಮುಖ ಹುಡುಕಿ, ಮುಖಕ್ಕೇ ಹತ್ತಿರ ಹೋಯ್ತು. ಕೈ ಚೌಕಟ್ಟಿನ ಹೊರಗೆ. ಇನ್ನಷ್ಟು ಮೇಲೆ ಎತ್ತಿದ್ರೆ ಕೈ ಮಸುಕು. ಅಷ್ಟರಲ್ಲಿ ಅವ್ವ ಚಾ ತಗೊಂಡು ಹಿಂದಿನಿಂದ ಹಾದು ಹೋದಳು, ಕ್ಯಾಮೆರಾ ಅವ್ವನ ಬೆನ್ನು ಹತ್ತಿತು. "ಮುಖ ಬ್ಯಾಡ್ರಿ, ಕೈ ತೋರಸ್ರಿ" ಅಂತ ಮೇಡಂ ಹೇಳ್ತಾನೇ ಇದ್ರು. ಮಾನಿಟರನ್ನ ಬಗ್ಗಿಸೋಣ ಅಂದ್ರೆ ಅದರ ಸ್ಟ್ಯಾಂಡು ಸ್ವಲ್ಪ ಹಿಂದೆ ಮುಂದೆ ವಾಲ್ತದೆ ಅಷ್ಟೇ, ಕೆಳಗೆ ಇಳಿಯೋದಿಲ್ಲ.

ಆ ಮುಖ ಹುಡುಕೋ ಚಟ ಬಂದ್ ಮಾಡೋಕೆ ಒಂದು ಬಟನ್ ಇದೆ. ಅದಿರೋದು ಆ ಕಂಪನಿಯ ಸಾಫ್ಟ್‌ವೇರ್‌ನಲ್ಲಿ. ಆ ಸಾಫ್ಟ್‌ವೇರ್ ನನ್ನ ಆಫೀಸ್ ಲ್ಯಾಪ್‌ಟಾಪ್‌ಗೆ ಹೊಂದೋದಿಲ್ಲ. ಗೆಳೆಯನ ಲ್ಯಾಪ್‌ಟಾಪ್ ತಂದು ಹಾಕಿದೆ. ಮೊದಲು ಮಾನಿಟರ್‌ಗೇ ಅಪ್ಡೇಟ್ ಮಾಡು ಅಂತು. ಹೌದ್ರೀ, ಮಾನಿಟರ್‌ಗೆ ಅಪ್ಡೇಟ್! ನಡುವೆ ಕರೆಂಟ್ ಹೋಯ್ತು. ಶಕ್ತಿನಗರದಾಗ ಕರೆಂಟ್ ತಯಾರು ಮಾಡೋ ಜಿಲ್ಲೆ ನಮ್ಮದು, ಆದ್ರೂ ಹೋಗ್ತದ. ಮತ್ತೆ ಮೊದಲಿಂದ. ಕೊನೆಗೆ ಬಟನ್ ಸಿಕ್ಕಿತು, ಬಂದ್ ಮಾಡಿದೆ. ಮರುದಿನ ನನ್ನ ಲ್ಯಾಪ್‌ಟಾಪ್ ಹಚ್ಚಿದ್ರೆ ಅದು ತಾನೇ ಮತ್ತೆ ಚಾಲೂ ಆಗಿತ್ತು.

ಕಸ್ಟಮರ್ ಕೇರ್‌ನವರು ವೈರ್ ಬದಲಿಸಿ ಅಂದ್ರು, ರೀಸೆಟ್ ಮಾಡಿ ಅಂದ್ರು. ಕಡೆಗೆ, ಮಾನಿಟರನ್ನು ಬಂದಿದ್ದ ಡಬ್ಬಿಯಲ್ಲೇ ಹಾಕಿ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಿ ಅಂದ್ರು. ಪರದೆ ನೆಟ್ಟಗದ, ಕಣ್ಣು ಮಾತ್ರ ಸರಿ ಇಲ್ಲ. ಆದ್ರೆ ಕಣ್ಣು ರಿಪೇರಿ ಆಗಬೇಕಂದ್ರೆ ನಾನು ಕೆಲಸ ಮಾಡೋ ಪರದೆಯನ್ನೇ ಬಿಟ್ಟು ಕೂಡಬೇಕು.

ಆ ರಾತ್ರಿ ನನಗೆ ಬಂದ ಪ್ರಶ್ನೆ ಇದು: ಈ ಕಣ್ಣು ಪರದೆಯೊಳಗೆ ಹೋಗಿ ಕೂತದ್ದು ಯಾವಾಗ? ಮೊದಲು ಎಲ್ಲಿತ್ತು?

ಕಾಫಿ ಪಾತ್ರೆಯಿಂದ ಶುರು

ಮುಖ ನೋಡ್ತಾ ಮಾತಾಡೋ ಆಸೆ ಹಳೇದು. 1927ರ ಏಪ್ರಿಲ್‌ನಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ, ವಾಷಿಂಗ್ಟನ್‌ನಲ್ಲಿ ಕೂತಿದ್ದ ಹರ್ಬರ್ಟ್ ಹೂವರ್ ಅವರ ಚಲಿಸುವ ಚಿತ್ರವನ್ನು ನ್ಯೂಯಾರ್ಕಿನಲ್ಲಿ ತೋರಿಸಿತ್ತು. ಹೂವರ್ ಆಗ ವಾಣಿಜ್ಯ ಮಂತ್ರಿ, ಮುಂದೆ ಅಧ್ಯಕ್ಷರಾದರು. ನ್ಯೂಯಾರ್ಕಿನವರಿಗೆ ಅವರು ಕಂಡರು, ಅವರಿಗೆ ನ್ಯೂಯಾರ್ಕಿನವರು ಕಾಣಲಿಲ್ಲ. 1964ರಲ್ಲಿ ಅದೇ ಕಂಪನಿ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ 'ಪಿಕ್ಚರ್‌ಫೋನ್' ತೋರಿಸಿತು. 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಾರಾಟಕ್ಕೂ ಇಟ್ಟಿತು. ತಿಂಗಳಿಗೆ 160 ಡಾಲರ್ ಬಾಡಿಗೆ. ಪರದೆ, ಕ್ಯಾಮೆರಾ, ಸ್ಪೀಕರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ನನ್ನ ಮಾನಿಟರ್‌ನಂಗ! ಜನ ತಗೊಳ್ಳಲಿಲ್ಲ. ಅಷ್ಟು ರೊಕ್ಕ ಕೊಟ್ಟರೂ ಆ ಕಡೆಯವರ ಹತ್ತಿರ ಅದೇ ಪೆಟ್ಟಿಗೆ ಇಲ್ಲದಿದ್ರೆ ಯಾರ ಮುಖ ನೋಡೋದು?

ಇಂಟರ್ನೆಟ್ಟಿನ ಮೊದಲ ಪ್ರಸಿದ್ಧ ಕ್ಯಾಮೆರಾ ನೋಡಿದ್ದು ಮನುಷ್ಯರ ಮುಖವನ್ನಲ್ಲ, ಕಾಫಿ ಪಾತ್ರೆಯನ್ನು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸಂಶೋಧಕರು ಬೇರೆ ಬೇರೆ ಮಹಡಿಗಳಲ್ಲಿ ಕೂತಿರ್ತಿದ್ರು. ಕಾಫಿ ಇದೆ ಅಂತ ಇಳಿದು ಬಂದ್ರೆ ಪಾತ್ರೆ ಖಾಲಿ. ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬಿಬ್ಬರು ಪಾತ್ರೆಯ ಕಡೆ ಒಂದು ಕ್ಯಾಮೆರಾ ತಿರುಗಿಸಿಟ್ಟು, ಚಿತ್ರ ಎಲ್ಲರ ಕಂಪ್ಯೂಟರಿಗೆ ಬರೋ ಹಾಗೆ ಮಾಡಿದ್ರು. ಅಗಲ 128, ಎತ್ತರ 128 ಚುಕ್ಕೆಗಳ ಕಪ್ಪು-ಬಿಳುಪು ಚಿತ್ರ. 1993ರಲ್ಲಿ ಅದು ವೆಬ್‌ಗೆ ಬಂತು. 2001ರ ಆಗಸ್ಟ್ 22ರಂದು ಬಂದ್ ಆಯ್ತು.

ಇಲ್ಲಿ ಒಂದು ವಿಷಯ ಗಮನಿಸ್ರಿ. ನೋಡಬೇಕಾದ ವಸ್ತು ಯಾವುದು ಅಂತ ಮೊದಲು ಗೊತ್ತುಮಾಡಿಕೊಂಡು, ಕ್ಯಾಮೆರಾವನ್ನ ಆ ಕಡೆ ತಿರುಗಿಸಿದ್ರು. ಚಿತ್ರ ಕಳಪೆ, ಆದ್ರೆ ಕೆಲಸ ಆಯ್ತು. ನನ್ನ ಮನೆಯಲ್ಲಿ ಆದದ್ದು ಇದರ ಉಲ್ಟಾ.

ಚೆಂಡಿನಂಥ ಕಣ್ಣು, ವೈರಿನ ಕಣ್ಣು

ಸಾಮಾನ್ಯ ಜನ ಕೊಳ್ಳಬಹುದಾದ ವೆಬ್‌ಕ್ಯಾಮ್ ಬಂದದ್ದು 1994ರಲ್ಲಿ. ಕನೆಕ್ಟಿಕ್ಸ್ ಎಂಬ ಕಂಪನಿಯ 'ಕ್ವಿಕ್‌ಕ್ಯಾಮ್'. ಬೆಲೆ ಸುಮಾರು 100 ಡಾಲರ್. ಸಣ್ಣ ಚೆಂಡಿನ ಆಕಾರ, 320×240 ಚುಕ್ಕೆ, ಬಣ್ಣವಿಲ್ಲ, ಬೂದಿ ಬಣ್ಣದ 16 ಛಾಯೆ ಮಾತ್ರ. 1998ರಲ್ಲಿ ಇದನ್ನು ಲಾಜಿಟೆಕ್ ಕೊಂಡುಕೊಂಡಿತು. ಚೆಂಡನ್ನು ಎತ್ತಿ ಮೇಜಿನ ಮೇಲೆ ಇಡಬಹುದಿತ್ತು, ಪುಸ್ತಕದ ಮೇಲೆ ಇಡಬಹುದಿತ್ತು, ಕೈಯಲ್ಲೂ ಹಿಡಿಯಬಹುದಿತ್ತು.

ತೊಂದರೆ ಇರಲಿಲ್ಲ ಅಂತಲ್ಲ. ಆಗಲೂ ಸಾಫ್ಟ್‌ವೇರೇ ತಲೆನೋವು. ಪ್ರತಿ ಕ್ಯಾಮೆರಾಗೂ ತನ್ನದೇ ಡ್ರೈವರ್, ಅದಕ್ಕೊಂದು ಸಿ.ಡಿ. ಸಿ.ಡಿ. ಕಳೆದ್ರೆ ಕಥೆ ಮುಗೀತು. ವಿಂಡೋಸ್ ಹೊಸದು ಬಂದಾಗ ಕಂಪನಿ ಹೊಸ ಡ್ರೈವರ್ ಕೊಡದಿದ್ರೆ, ಗಟ್ಟಿಮುಟ್ಟಾದ ಕ್ಯಾಮೆರಾನೂ ಕಸ. ಈ ಗೋಳಿಗೆ ಮದ್ದು ಬಂದದ್ದು 2003ರಲ್ಲಿ, ಯುಎಸ್‌ಬಿ ವಿಡಿಯೊ ಕ್ಲಾಸ್ ಎಂಬ ಸಾಮಾನ್ಯ ನಿಯಮದಿಂದ. ಎಲ್ಲ ಕಂಪನಿಗಳೂ ಒಂದೇ ಭಾಷೆ ಆಡಿದ್ರೆ, ಯಾವ ಕ್ಯಾಮೆರಾವನ್ನು ಯಾವ ಕಂಪ್ಯೂಟರಿಗೆ ಚುಚ್ಚಿದ್ರೂ ಸಿ.ಡಿ. ಇಲ್ಲದೆ ನಡೀತದ. ಇವತ್ತು ಅಂಗಡಿಯಿಂದ ತಂದ ಅಗ್ಗದ ವೆಬ್‌ಕ್ಯಾಮ್ ಚುಚ್ಚಿದ ತಕ್ಷಣ ಚಾಲೂ ಆಗೋದು ಈ ಒಪ್ಪಂದದ ಪುಣ್ಯ.

ನಮ್ಮ ಕಡೆ ಜನ ವೆಬ್‌ಕ್ಯಾಮ್ ಮುಂದೆ ಕೂತದ್ದು ಹರಟೆಗಿಂತ ಹೆಚ್ಚಾಗಿ ಕಾಗದಪತ್ರಕ್ಕೆ. ಹೊಲ ಕೊಟ್ಟು ತಗೊಳ್ಳೋವಾಗ ಉಪನೋಂದಣಿ ಕಚೇರಿಯಲ್ಲಿ 'ಕಾವೇರಿ' ತಂತ್ರಾಂಶ ಬಂದ ಮೇಲೆ, ಕೊಟ್ಟವರದೂ ಕೊಂಡವರದೂ ಫೋಟೋ ಮತ್ತು ಹೆಬ್ಬೆರಳ ಗುರುತು ಕಂಪ್ಯೂಟರಿನಲ್ಲೇ ಹಿಡಿಯೋದು ಶುರುವಾಯ್ತು. 2011ರ ಕೇಂದ್ರ ಸರ್ಕಾರದ ಸೈಬರ್ ಕೆಫೆ ನಿಯಮಗಳಲ್ಲಿ ವೆಬ್‌ಕ್ಯಾಮ್ ಅಂತಲೇ ಬರೆದಿದೆ: ಬಂದ ಗಿರಾಕಿಯ ಫೋಟೋವನ್ನು ಅಲ್ಲಿನ ಕಂಪ್ಯೂಟರಿಗೆ ಹಚ್ಚಿದ ವೆಬ್ ಕ್ಯಾಮೆರಾದಿಂದ ತೆಗೆಯಬಹುದು ಅಂತ. ಆಧಾರ್ ಫೋಟೋ ಬಗ್ಗೆ ನಾ ಏನು ಹೇಳ್ಲಿ? ನಿಮ್ಮ ಕಾರ್ಡು ನೀವೇ ನೋಡ್ಕೊಳ್ರಿ.

ಆ ಫೋಟೋಗಳಿಗೆ ನಾವು ನಕ್ಕಿದ್ದೀವಿ. ಆದ್ರೆ ಅಂಥ ಕಚೇರಿಗಳ ಕ್ಯಾಮೆರಾ ಬಹುಪಾಲು ಬೇರೆಯಾಗೇ, ವೈರಿನ ತುದಿಯಲ್ಲಿ ಇರ್ತಿತ್ತು. ಅಜ್ಜಿ ಗಿಡ್ಡ ಇದ್ರೆ ಆಪರೇಟರ್ ಕ್ಯಾಮೆರಾ ಬಗ್ಗಿಸ್ತಿದ್ದ. ಕೆಟ್ರೆ ಪೇಟೆಯಿಂದ ಇನ್ನೊಂದು ಬರ್ತಿತ್ತು. ಕ್ಯಾಮೆರಾ ಕೆಟ್ಟಿತು ಅಂತ ಯಾರೂ ಮಾನಿಟರ್ ಹೊತ್ತುಕೊಂಡು ಹೈದರಾಬಾದಿಗೆ ಹೋಗಲಿಲ್ಲ.

ಕಣ್ಣು ಒಳಗೆ ಹೋಯ್ತು

ಆ್ಯಪಲ್ ಕಂಪನಿ 2003ರಲ್ಲಿ 'ಐಸೈಟ್' ಅಂತ ಬಿಡಿ ವೆಬ್‌ಕ್ಯಾಮ್ ಮಾರ್ತಿತ್ತು. ಎಲ್ಲಿ ಬೇಕಾದ್ರೂ ಸಿಕ್ಕಿಸೋಕೆ ಜೊತೆಗೆ ಬೇರೆ ಬೇರೆ ಕ್ಲಿಪ್ಪು. 2005ರಲ್ಲಿ ಅದನ್ನು ಐಮ್ಯಾಕ್ ಕಂಪ್ಯೂಟರಿನ ಒಳಗೇ ಕೂಡಿಸಿದ್ರು. 2008ರಲ್ಲಿ ಅವರ ಮಾನಿಟರ್‌ನಲ್ಲೂ ಬಂತು. ಉಳಿದವರೂ ಅದೇ ಹಾದಿ ಹಿಡಿದ್ರು. ವೈರ್ ಕಮ್ಮಿ ಆಯ್ತು, ಮೇಜು ಚೊಕ್ಕ ಆಯ್ತು. ನಿಜವಾಗಿ ಅನುಕೂಲವೇ. ನಾನೂ ಅದನ್ನೇ ನೋಡಿ ಕೊಂಡವನು.

ಆದ್ರೆ ಒಂದು ಲೆಕ್ಕ ಇದೆ. ಚಿತ್ರ ಚಂದ ಬರಬೇಕಂದ್ರೆ ಸೆನ್ಸರ್ ದೊಡ್ಡದಿರಬೇಕು, ಲೆನ್ಸಿಗೆ ಆಳ ಬೇಕು. ಪರದೆಯ ಅಂಚು ತೆಳ್ಳಗಾದಷ್ಟೂ ಕ್ಯಾಮೆರಾಗೆ ಜಾಗ ಕಮ್ಮಿ. ಆ ಕೊರತೆಯನ್ನು ಸಾಫ್ಟ್‌ವೇರಿನಿಂದ ತುಂಬಿಸ್ತಾರೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಲೋಕವೆಲ್ಲ ವಿಡಿಯೊ ಕಾಲ್‌ಗೆ ಬಂದು ಬಿತ್ತು, ಬಿಡಿ ವೆಬ್‌ಕ್ಯಾಮ್ ಅಂಗಡಿಯಲ್ಲಿ ಸಿಗದ ಹಾಗಾಯ್ತು. ಅದೇ ಮಾರ್ಚ್ 25ರಂದು ನಮ್ಮ ಕೇಂದ್ರ ಆರೋಗ್ಯ ಇಲಾಖೆ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ವೈದ್ಯರು ವಿಡಿಯೊದಲ್ಲಿ ರೋಗಿಯನ್ನು ನೋಡೋಕೆ ಸ್ಪಷ್ಟ ನಿಯಮ ಸಿಕ್ಕಿತು. ಕರ್ನಾಟಕಕ್ಕೆ ಇದು ತೀರಾ ಹೊಸದೇನಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಉಪಗ್ರಹ ಬೇಕಾಗಿದ್ದ ಕೆಲಸ ಈಗ ಮನೆಯ ಕುರ್ಚಿಗೆ ಬಂದಿದೆ. ಅದಕ್ಕೇ ಈ ತೂತು ಸಣ್ಣ ವಿಷಯ ಅಲ್ಲ.

1,59,900 ರೂಪಾಯಿಯ ಪಾಠ

ನನ್ನ ಮಾನಿಟರ್ ಯಾರದು ಅನ್ನೋದು ಬ್ಯಾಡ. ಆದ್ರೆ ಈ ತಕರಾರು ಲೋಕಕ್ಕೆಲ್ಲ ಕೇಳಿಸಿದ ಪ್ರಸಂಗ ಒಂದಿದೆ. 2022ರ ಮಾರ್ಚ್‌ನಲ್ಲಿ ಆ್ಯಪಲ್ 'ಸ್ಟುಡಿಯೊ ಡಿಸ್‌ಪ್ಲೇ' ಬಿಡುಗಡೆ ಮಾಡಿತು. ಭಾರತದಲ್ಲಿ ಆಗ ಶುರುವಿನ ಬೆಲೆ 1,59,900 ರೂಪಾಯಿ ಇತ್ತು. ಒಳಗೆ ಐಫೋನ್ 11ರಲ್ಲಿದ್ದ ಎ13 ಚಿಪ್ಪು, 12 ಮೆಗಾಪಿಕ್ಸೆಲ್ ಕ್ಯಾಮೆರಾ. ಎತ್ತರ ಬದಲಿಸೋ ಸ್ಟ್ಯಾಂಡ್ ಬೇಕಂದ್ರೆ ಅಮೆರಿಕದಲ್ಲಿ 400 ಡಾಲರ್ ಹೆಚ್ಚು ಕೊಡಬೇಕಿತ್ತು, ಅದನ್ನೂ ಕೊಳ್ಳುವಾಗಲೇ ಆರಿಸಬೇಕಿತ್ತು.

ವಿಮರ್ಶಕರು ಪರದೆಯನ್ನು ಹೊಗಳಿದ್ರು, ಕ್ಯಾಮೆರಾ ನೋಡಿ ಬೆಚ್ಚಿಬಿದ್ರು. ಮಸುಕು ಮುಖ, ಮಾಸಿದ ಬಣ್ಣ. ಸಾಫ್ಟ್‌ವೇರಿನಲ್ಲಿ ಸರಿಮಾಡ್ತೀವಿ ಅಂತ ಕಂಪನಿ ಹೇಳಿತು. ಮೇ ತಿಂಗಳಲ್ಲಿ ಅಪ್ಡೇಟ್ ಬಂತು. ಸ್ವಲ್ಪ ಸುಧಾರಿಸಿತು, ಪೂರ್ತಿ ಆಗಲಿಲ್ಲ. ಅದನ್ನು ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದ್ರೆ ಕ್ಯಾಮೆರಾ ನಡೀತದ, ಆದ್ರೆ ಮುಖ ಹಿಂಬಾಲಿಸೋ ಸೌಲಭ್ಯ ಇಲ್ಲ. ಮಾನಿಟರಿನ ಅಪ್ಡೇಟಿಗೂ ಮ್ಯಾಕ್ ಬೇಕೇ ಬೇಕು.

ಸಾಫ್ಟ್‌ವೇರಿಗೆ ಯಾಕೆ ಪೂರ್ತಿ ಆಗಲಿಲ್ಲ? ಮದುವಿ ಗ್ರೂಪ್ ಫೋಟೋ ನೆನಪು ಮಾಡ್ಕೊಳ್ರಿ. ಐವತ್ತು ಮಂದಿ ನಿಂತಿದ್ದಾರೆ, ಮೂಲೆಯಲ್ಲಿ ನಮ್ಮ ಕಾಕಾ. ಕಾಕಾನ ಮುಖ ಮಾತ್ರ ಕತ್ತರಿಸಿ ಫ್ರೇಮ್ ಹಾಕಿಸೋಕೆ ದೊಡ್ಡದು ಮಾಡಿದ್ರೆ ಏನಾಗ್ತದ? ಹರಡಿ ಹೋಗ್ತದ. ಈ ಕ್ಯಾಮೆರಾ ಮಾಡೋದೂ ಇದೇ. 122 ಡಿಗ್ರಿ ಅಗಲದ ಲೆನ್ಸಿನಿಂದ ಇಡೀ ಕೋಣೆಯನ್ನು ಹಿಡೀತದ, ಆಮೇಲೆ ಅದರಾಗ ಮುಖ ಹುಡುಕಿ ಅಷ್ಟನ್ನೇ ಕತ್ತರಿಸಿ ಹಿಗ್ಗಿಸ್ತದ. 12 ಮೆಗಾಪಿಕ್ಸೆಲ್ ಅನ್ನೋದು ಇಡೀ ಕೋಣೆಯ ಲೆಕ್ಕ, ನಿಮ್ಮ ಮುಖಕ್ಕೆ ಸಿಗೋದು ಅದರ ಒಂದು ತುಂಡು. ಮನೆಯಲ್ಲಿ ಬೆಳಕು ಕಮ್ಮಿ ಇದ್ರೆ ಕಾಳು ಕಾಳಾಗಿ ಬರ್ತದ. ಆ ಕಾಳನ್ನ ಸಾಫ್ಟ್‌ವೇರ್ ಒರೆಸ್ತದ, ಒರೆಸುವಾಗ ಚರ್ಮದ ಗೆರೆಗಳೂ ಒರೆಸಿ ಹೋಗ್ತಾವ.

ಇನ್ನೂ ಮುಖ್ಯವಾದದ್ದು: ಏನು ನೋಡಬೇಕು ಅಂತ ಅಲ್ಲಿ ಮೊದಲೇ ತೀರ್ಮಾನ ಆಗಿದೆ. ಮುಖ! ಆಫೀಸ್ ಮೀಟಿಂಗಿಗೆ ಅದು ಸರಿ. ಸೋತ ಕೈ ಎತ್ತೋಕೆ ಒದ್ದಾಡ್ತಿರೋ ಮನುಷ್ಯನ ಲೆಕ್ಕ ಅಲ್ಲಿ ಯಾರೂ ಹಾಕಿರೋದಿಲ್ಲ.

ಅದೇ 2022ರಲ್ಲಿ ಆ್ಯಪಲ್ ಇನ್ನೊಂದು ಸೌಲಭ್ಯ ಕೊಟ್ಟಿತು. ಐಫೋನನ್ನೇ ಮ್ಯಾಕ್‌ಗೆ ವೆಬ್‌ಕ್ಯಾಮ್ ಮಾಡ್ಕೋಬಹುದು ಅಂತ. ಅಂದ್ರೆ ಸುತ್ತಿ ಬಳಸಿ ಮತ್ತೆ ಬಿಡಿ ಕಣ್ಣಿಗೇ ಬಂದ್ರು.

ದೂರದ ಊರಿನವರ ಲೆಕ್ಕ

ಕಣ್ಣು ಬೇರೆ ಇದ್ದಾಗ ಅದನ್ನು ಎಲ್ಲಿಗೆ ತಿರುಗಿಸಬೇಕು, ಯಾವಾಗ ಬದಲಿಸಬೇಕು ಅಂತ ನಾವು ತೀರ್ಮಾನ ಮಾಡ್ತಿದ್ವಿ. ಒಳಗೆ ಸೇರಿದ ಮೇಲೆ ಆ ತೀರ್ಮಾನ ಮಾಡಿದವರ ಕೈಗೆ ಹೋಯ್ತು. ಬೆಂಗಳೂರಿನಾಗ ಇದ್ದವರಿಗೆ ಇದು ಒಂದು ಸಂಜೆಯ ಬೇಸರ, ಸರ್ವಿಸ್ ಸೆಂಟರ್ ಅಲ್ಲೇ ಎಲ್ಲೋ ಇರ್ತದ. ಗಬ್ಬೂರಿನಾಗ ಇದ್ದವರಿಗೆ ಕೆಲಸವೇ ನಿಂತು ಹೋಗೋ ಪ್ರಶ್ನೆ.

ನಮ್ಮ ದೇಶದಲ್ಲಿ ಇದರ ಬಗ್ಗೆ ಮಾತು ಶುರುವಾಗಿದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಸಾಮಾನು, ವಾಹನ, ಈ ನಾಲ್ಕು ಬಗೆಯವು ಅದರ ಪಟ್ಟಿಯಲ್ಲಿವೆ. ಟ್ರ್ಯಾಕ್ಟರ್ ಇದ್ದವರಿಗೆ ನಾನೇನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಹೊತ್ತಿನಾಗ ಗಾಡಿ ನಿಂತ್ರೆ, ಊರ ಮೇಸ್ತ್ರಿ ಕೈ ಹಾಕೋ ಹಂಗ ಇದೆಯೋ ಇಲ್ಲವೋ ಅನ್ನೋದೇ ಎಲ್ಲ. ಮಾನಿಟರ್‌ಗೂ ಅದೇ ನ್ಯಾಯ.

ತಂಬಗಿ ಮತ್ತು ಮೊಬೈಲು

ಈಗ ಅಪ್ಪನ ಕಥೆ ಮುಗಿಸ್ತೀನಿ.

ಮೂರು ವಾರ ಹಂಗೇ ನಡೀತು. ವಾರದ ವಿಡಿಯೊ ಕಾಲ್‌ನಾಗ ಮೇಡಂಗೆ ಅಪ್ಪನ ಮುಖ ಕಾಣ್ತಿತ್ತು, ಕೈ ಅರ್ಧ ಕಾಣ್ತಿತ್ತು. ಅದರ ನಡುವೆ ಮಳೆ, ಜ್ವರ ಅಂತ ರಾಯಚೂರಿಗೆ ಹೋಗೋದೂ ತಪ್ಪಿತು. "ಮಾಡ್ಲಿಕತ್ತೀನ್ರಿ" ಅಂತ ಅಪ್ಪ, "ಮಾಡ್ಲಿಕತ್ತಾರ್ರಿ" ಅಂತ ನಾನು.

ನಾಲ್ಕನೇ ವಾರ ಅವ್ವಗೆ ಸಿಟ್ಟು ಬಂತು. "ಲಕ್ಷ ಕೊಟ್ಟು ತಂದಿ, ಕೈ ಕಾಣವಲ್ದು. ತಾ ಇಲ್ಲಿ ನನ್ನ ಫೋನು" ಅಂತ ತನ್ನ ಗೀರು ಬಿದ್ದ ಮೊಬೈಲ್ ತಂದು, ಮೇಜಿನ ಮೇಲೆ ನೀರಿನ ತಂಬಗಿಗೆ ಒರಗಿಸಿ, ಅಪ್ಪನ ಕೈ ನೇರಕ್ಕೆ ಇಟ್ಟಳು. ಮೇಡಂಗೆ ಅದರಿಂದಲೇ ಕಾಲ್ ಹಚ್ಚಿದ್ವಿ. ಅರ್ಧ ನಿಮಿಷ ಸುಮ್ಮನೆ ನೋಡಿದ್ರು. ಆಮೇಲೆ, "ತಡೀರಿ ಅಪ್ಪಾರ. ನೀವು ಬೆರಳು ಮಡಚ್ತಿಲ್ಲ, ಮಣಿಕಟ್ಟು ಮಡಚ್ತೀರಿ. ಎಷ್ಟ್ ದಿನದಿಂದ ಹಿಂಗ್ ಮಾಡ್ಲಿಕತ್ತೀರಿ?" ಅಂದ್ರು.

ಮೂರು ವಾರದಿಂದ. ದಿನಾ ಎರಡು ಹೊತ್ತು, ಬೆವರು ಸುರಿಸಿ, ತಪ್ಪು ವ್ಯಾಯಾಮ. ಬೆರಳಿಗೆ ಆಗಬೇಕಾದ ಕೆಲಸವನ್ನು ಮಣಿಕಟ್ಟು ಮಾಡ್ತಿತ್ತು, ಬೆರಳು ಸುಮ್ಮನಿದ್ವು. ಅಪ್ಪ ಏನೂ ಮಾತಾಡಲಿಲ್ಲ. ನನಗೆ ಮಾತ್ರ ಮಾನಿಟರ್ ಕಡೆ ನೋಡೋಕೆ ಆಗಲಿಲ್ಲ.

ಪೂರ್ತಿ ತಪ್ಪು ಯಂತ್ರದ್ದು ಅಂತ ನಾ ಹೇಳೋದಿಲ್ಲ. ಮೊದಲ ದಿನವೇ ಫೋನ್ ಒರಗಿಸಿ ಇಡಬಹುದಿತ್ತಲ್ಲ? ಇಡಲಿಲ್ಲ. ಯಾಕಂದ್ರ ಇಷ್ಟು ರೊಕ್ಕ ಕೊಟ್ಟದ್ದು ಇದಕ್ಕೇ, ಇದನ್ನೇ ಸರಿ ಮಾಡಬೇಕು ಅನ್ನೋ ಹಟ. ಕಂಪನಿ ಮೇಲಿನ ಸಿಟ್ಟಿನಾಗ ನಾನು ಕೈಯನ್ನ ಮರೆತಿದ್ದೆ.

ಈಗ ರಾಯಚೂರಿನಿಂದ ತಂದ ಒಂದು ಸಾದಾ ವೆಬ್‌ಕ್ಯಾಮ್ ಇದೆ. ಉದ್ದ ವೈರು, ಕ್ಲಿಪ್ಪು. ಅಪ್ಪ ಕೂತಾಗ ಕೈಗೆ ತಿರುಗಿಸ್ತೀನಿ, ನಾನು ಕೂತಾಗ ಮುಖಕ್ಕೆ. ಮಾನಿಟರಿನ ತೂತಿಗೆ ಅವ್ವ ಒಂದು ಕುಂಕುಮದ ಸ್ಟಿಕರ್ ಅಂಟಿಸ್ಯಾಳ. ಪರದೆ ಇನ್ನೂ ಚಂದ ಇದೆ, ಕಂತು ಇನ್ನೂ ಅದಾವ. ಹೋದ ವಾರ ಅಪ್ಪನ ಹೆಬ್ಬಟ್ಟು ಉಂಗುರದ ಬೆರಳಿಗೆ ಮುಟ್ಟಿತು. ಕಿರುಬೆರಳು ಬಾಕಿ ಇದೆ.

ಕೊಳ್ಳೋರು ಇದ್ರೆ ಅಂಗಡಿಯವರಿಗೆ ಮೂರು ಪ್ರಶ್ನೆ ಕೇಳ್ರಿ. ಈ ಕ್ಯಾಮೆರಾ ನನ್ನ ಕಂಪ್ಯೂಟರಿನಾಗ ಅವರ ಸಾಫ್ಟ್‌ವೇರ್ ಇಲ್ಲದೆ ಪೂರ್ತಿ ನಡೀತದೇನು? ಮುಖ ಹಿಂಬಾಲಿಸೋದನ್ನ ಬಂದ್ ಮಾಡಿದ್ರೆ ಬಂದ್ ಆಗೇ ಇರ್ತದೇನು? ಕ್ಯಾಮೆರಾ ಒಂದೇ ಕೆಟ್ರೆ ಎಲ್ಲಿಗೆ, ಏನನ್ನ ಕಳಿಸಬೇಕು? ಮೂರನೆಯದಕ್ಕೆ "ಇಡೀ ಮಾನಿಟರ್" ಅಂದ್ರೆ, ನಿಮ್ಮ ಊರಿಂದ ಅಲ್ಲಿಗೆ ಎಷ್ಟು ದೂರ ಅಂತ ಲೆಕ್ಕ ಹಾಕಿ ಆಮೇಲೆ ರೊಕ್ಕ ತೆಗೀರಿ.

ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ರೆ ಒಂದು ವಾಯ್ಸ್ ಮೆಸೇಜ್ ಕಳಿಸ್ರಿ, ಕೇಳ್ತೀನಿ.